ಮೂರನೆಯ ಮಹಡಿಯ ಒಡತಿ

ಕಳೆದ ವಾರ ನಮ್ಮ ಹಳೆಯ ಕ್ಲಿನಿಕ್ಕಿನ ವಾಟ್ಸಾಪ್ ಗುಂಪಿನಲ್ಲಿ ಆಂಟಿ ತೀರಿಕೊಂಡ ಸುದ್ದಿ ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳು, ಮೇಣದಬತ್ತಿಯ ಚಿತ್ರಗಳು ಸಾಲುಗಟ್ಟಿದವು. ನಡುವೆ ಯಾರೋ ಒಬ್ಬರು, ಮಂಗಳೂರಿನಲ್ಲಿ ನನ್ನ ತಮ್ಮ ಇದ್ದಾನೆ, ಹೋಗಿ ಬರಲು ಹೇಳುತ್ತೇನೆ, ಅವರ ಮನೆಯ ವಿಳಾಸ ಹಾಕಿ ಎಂದು ಕೇಳಿದರು. ಯಾರೂ ಹಾಕಲಿಲ್ಲ. ಸೋಮಾರಿತನದಿಂದಲ್ಲ, ಯಾರಿಗೂ ಗೊತ್ತಿರಲಿಲ್ಲ. ಕುವೈತಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕಂಡವರಿಗೆಲ್ಲ ಮನೆ ಹುಡುಕಿಕೊಟ್ಟ ಹೆಂಗಸು ಕೊನೆಗೆ ಎಲ್ಲಿ ಇದ್ದರು, ಯಾರ ಮನೆಯಲ್ಲಿ ಕಣ್ಣುಮುಚ್ಚಿದರು ಎಂದು ನಮ್ಮಲ್ಲಿ ಒಬ್ಬರೂ ವಿಚಾರಿಸಿರಲಿಲ್ಲ. ನಾನಾದರೂ ವಿಚಾರಿಸಬೇಕಿತ್ತು. ಈಗ ಬರೆಯುತ್ತಿದ್ದೇನೆ, ಬರೆದರೆ ಏನೋ ಸರಿಹೋಗುತ್ತದೆ ಎಂಬ ಭ್ರಮೆಯೇನೂ ನನಗಿಲ್ಲ.

ನಾನು ಗದಗಿನಿಂದ ಲ್ಯಾಬ್ ಟೆಕ್ನಿಶಿಯನ್ ಆಗಿ ಇಲ್ಲಿಗೆ ಹೊರಟಾಗ, ಇರಲಿಕ್ಕೆ ಜಾಗ ಕಂಪನಿಯೇ ಕೊಡುತ್ತದೆ ಎಂದು ಏಜೆಂಟ್ ಬಾಯಿತುಂಬ ಹೇಳಿದ್ದ. ಮೊದಲ ದಿನ ಕ್ಲಿನಿಕ್ಕಿಗೆ ಹೋದರೆ, ಅದೆಲ್ಲ ಸಂಬಳದಲ್ಲೇ ಸೇರಿದೆ, ಜಾಗ ನೀವೇ ನೋಡಿಕೊಳ್ಳಿ ಎಂದರು. ರೋಗಿಗಳು ಕೂರುವ ಕುರ್ಚಿಯಲ್ಲಿ, ಸೂಟ್‌ಕೇಸನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದುಕೊಂಡು, ಅಳಬೇಕೋ ಬೈಯಬೇಕೋ ತಿಳಿಯದೆ ಕೂತಿದ್ದೆ. ಡ್ರೆಸ್ಸಿಂಗ್ ರೂಮಿನಿಂದ ಗುಂಡುಗುಂಡಗಿನ ಒಬ್ಬ ಹೆಂಗಸು ಹೊರಗೆ ಬಂದರು. ಐವತ್ತರ ಹತ್ತಿರದ ವಯಸ್ಸು, ಬಿಳಿ ಕೋಟು, ಕೊರಳಲ್ಲಿ ಸಣ್ಣ ಶಿಲುಬೆ. ಕ್ಲಿನಿಕ್ಕಿನವರೆಲ್ಲ ಆಂಟಿ ಎಂದು ಕರೆಯುತ್ತಿದ್ದದ್ದು ಅವರನ್ನೇ. ನನ್ನನ್ನೂ ಸೂಟ್‌ಕೇಸನ್ನೂ ಒಮ್ಮೆ ನೋಡಿದರು.

"ಕನ್ನಡವಾ?"

"ಹೌದ್ರಿ."

"ಮೀನು ತಿಂತೀಯಾ?"

"ಇಲ್ರಿ."

"ವಾಸನೆ ಆಗ್ತದಾ?"

"ಗೊತ್ತಿಲ್ರಿ."

"ಆಗ್ತದೆ. ಆದ್ರೆ ಅಭ್ಯಾಸ ಆಗ್ತದೆ. ಆರು ಗಂಟೆಗೆ ನನ್ನ ಡ್ಯೂಟಿ ಮುಗೀತದೆ, ಒಟ್ಟಿಗೆ ಹೋಗುವ."

ಅಷ್ಟೇ ಸಂದರ್ಶನ. ಆ ಸಂಜೆ ಅಬ್ಬಾಸಿಯಾದ ಅವರ ಫ್ಲ್ಯಾಟಿಗೆ ಹೋದವಳು ಎರಡೂವರೆ ವರ್ಷ ಅಲ್ಲೇ ಇದ್ದೆ. ಎರಡು ಕೋಣೆ, ಒಂದು ಹಾಲ್. ಒಂದು ಕೋಣೆಯಲ್ಲಿ ಕೇರಳದ ಇಬ್ಬರು ನರ್ಸುಗಳು, ಇನ್ನೊಂದರಲ್ಲಿ ನಾನು. ಮನೆಯ ಯಜಮಾನಿ ಹಾಲಿನ ಮೂಲೆಯಲ್ಲಿ ಒಂದು ಪರದೆ ಎಳೆದುಕೊಂಡು ಮಲಗುತ್ತಿದ್ದರು. ನೀವು ಕೋಣೆಯಲ್ಲಿ ಮಲಗಿರಿ, ನಾ ಹೊರಗ ಮಲಗ್ತೀನಿ ಎಂದು ಒಂದು ದಿನ ಹೇಳಿ ಬೈಸಿಕೊಂಡೆ. "ಬಾಡಿಗೆ ಕೊಡುವವಳು ನೀನು. ಬಾಡಿಗೆ ಕೊಟ್ಟವರಿಗೆ ಬಾಗಿಲು ಹಾಕಿಕೊಳ್ಳುವ ಹಕ್ಕುಂಟು" ಎಂದರು.

ಆ ಮನೆಯ ಗೋಡೆಗೆ ಒಂದೇ ಒಂದು ಮೊಳೆ ಇರಲಿಲ್ಲ. ಯೇಸುವಿನ ಪಟ ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿಕೊಂಡು ನಿಂತಿರುತ್ತಿತ್ತು. ಫ್ರಿಜ್ಜಿನ ಬಾಗಿಲು ಜೋರಾಗಿ ಹಾಕಿದರೆ ಜಾರುತ್ತಿತ್ತು. ಆಂಟಿ "ಜೆಜು!" ಎಂದು ಓಡಿಬಂದು ಹಿಡಿಯುತ್ತಿದ್ದರು. ನಾನು ತಂದ ಕ್ಯಾಲೆಂಡರಿಗೂ ಮೊಳೆ ಸಿಗಲಿಲ್ಲ. "ಗೋಡೆ ನಮ್ಮದಲ್ಲ ಮಾರಾಯ್ತಿ. ಹೋಗುವಾಗ ಒಂದೊಂದು ತೂತಿಗೂ ಲೆಕ್ಕ ಕೇಳ್ತಾರೆ." ಮಿಕ್ಸರು, ಇಸ್ತ್ರಿಪೆಟ್ಟಿಗೆ, ಟೀವಿ, ಏನೇ ತಂದರೂ ಅದರ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ಮಡಚಿ, ಮಂಚದ ಕೆಳಗೆ ತಳ್ಳಿ ಇಡುತ್ತಿದ್ದರು. ಯಾವತ್ತು ಹೊರಡಬೇಕಾದರೂ ಸಾಮಾನು ಅದರದರ ಪೆಟ್ಟಿಗೆಗೇ ಹೋಗಬೇಕು. ಗಂಡನ ಜೊತೆಗಿದ್ದಾಗ ಏಳು ಮನೆ ಬದಲಿಸಿದ್ದರಂತೆ. ಹಾಗೆ ಬದಲಿಸಿದವರ ಬುದ್ಧಿ ಹಾಗೇ ಇರುತ್ತದೆ ಎಂದು ನಾವು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದೆವು.

ಆಂಟಿಯ ಗಂಡ ಶುವೈಖಿನ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದವರು. ನಾನು ಬರುವುದಕ್ಕೆ ಆರು ವರ್ಷ ಮುಂಚೆಯೇ ಎದೆನೋವು ಬಂದು ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಫ್ಲ್ಯಾಟಿನ ಕರಾರು ಅವರ ಹೆಸರಿನಲ್ಲಿತ್ತು, ಅವರು ಹೋದ ಮೇಲೂ ಅವರ ಹೆಸರಿನಲ್ಲೇ ಉಳಿಯಿತು. ಹೆಸರು ಬದಲಿಸಬೇಕಾದರೆ ಹೊಸ ಕರಾರು, ಹೊಸ ಕರಾರೆಂದರೆ ಹೊಸ ಬಾಡಿಗೆ. ಅದೂ ಅಲ್ಲದೆ, ಒಂಟಿ ಹೆಂಗಸಿಗೆ ಕೊಡುವುದಿಲ್ಲ, ಸಂಸಾರಸ್ಥರಿಗೆ ಮಾತ್ರ ಎಂದರೆ ಏನು ಗತಿ? ಹಾಗಾಗಿ ಆಂಟಿ ಬಾಯಿಮುಚ್ಚಿಕೊಂಡು ಹಳೆಯ ಬಾಡಿಗೆಯನ್ನೇ ಕಟ್ಟುತ್ತ ಹೋದರು. ಕಟ್ಟಡ ನೋಡಿಕೊಳ್ಳುವ ಕಾವಲುಗಾರನಿಗೆ ಇಲ್ಲಿ ಹಾರಿಸ್ ಎನ್ನುತ್ತಾರೆ; ಆ ಕಟ್ಟಡದ ಹಾರಿಸ್ ಎಲ್ಲ ಬಲ್ಲವನು. ಹಬ್ಬಕ್ಕೊಂದು ಕೇಕು, ಊರಿಗೆ ಹೋಗಿ ಬಂದಾಗ ಗೋಡಂಬಿ ಅವನಿಗೆ ತಪ್ಪದೆ ಸಲ್ಲುತ್ತಿತ್ತು. ಅವನು ಪ್ರತಿ ತಿಂಗಳು ಸತ್ತವರ ಹೆಸರಿಗೆ ರಸೀದಿ ತಂದುಕೊಡುತ್ತಿದ್ದ.

ಆಂಟಿ ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತಿದ್ದರು. "ನೋಡು, ಇವರು ಹೋಗಿ ಇಷ್ಟು ವರ್ಷ ಆಯ್ತು, ಈಗಲೂ ನನಗೆ ಮನೆ ಮಾಡಿ ಕೊಟ್ಟಿದ್ದಾರೆ" ಎನ್ನುತ್ತಿದ್ದರು. ಒಮ್ಮೊಮ್ಮೆ ನಗುತ್ತ, ಒಮ್ಮೊಮ್ಮೆ ನಗದೆ.

ಈಗ ಯೋಚಿಸಿದರೆ ಅದು ಶುದ್ಧ ತಪ್ಪು. ಹೆಸರನ್ನು ಆಗಲೇ ಬದಲಿಸಿದ್ದರೆ ಒಂದಿಷ್ಟು ಹೆಚ್ಚು ತೆತ್ತಾದರೂ ಕಾಲೂರಲು ಒಂದು ಕಾಗದ ಇರುತ್ತಿತ್ತು. ಆದರೆ ಇಂಥ ತಪ್ಪು ಮಾಡದವರು ಇಲ್ಲಿ ಯಾರಿದ್ದಾರೆ? ಒಬ್ಬನ ಕಾರು ಇನ್ನೊಬ್ಬನ ಹೆಸರಲ್ಲಿ, ಒಬ್ಬನ ಫೋನು ಊರಿಗೆ ಹೋಗಿಬಿಟ್ಟವನ ಹೆಸರಲ್ಲಿ. ನಡೆಯುವಷ್ಟು ದಿನ ನಡೆಯಲಿ ಎಂದೇ ನಾವೆಲ್ಲ ಬದುಕುವುದು.

ಉಳಿಸಿದ ದುಡ್ಡೆಲ್ಲ ಎಲ್ಲಿಗೆ ಹೋಗುತ್ತಿತ್ತು ಎಂದರೆ ಮಂಗಳೂರಿನ ಒಂದು ಫ್ಲ್ಯಾಟಿಗೆ. ಊರಿನಲ್ಲಿ ಗಂಡನ ಪಾಲಿಗೆ ಬಂದ ತುಂಡು ಜಾಗವನ್ನು ಮೈದುನನಿಗೇ ಮಾರಿ, ಸಾಲ ಎತ್ತಿ, ಒಬ್ಬ ಬಿಲ್ಡರನ ಹತ್ತಿರ ಆಂಟಿ ಫ್ಲ್ಯಾಟ್ ಬುಕ್ ಮಾಡಿದ್ದರು. ಮೂರನೆಯ ಮಹಡಿ, ಪೂರ್ವದ ಬಾಲ್ಕನಿ. ಬಿಲ್ಡರನಿಗೂ ಅವನ ಪಾಲುದಾರನಿಗೂ ಜಗಳವಾಗಿ ಕಟ್ಟಡ ಎರಡನೆಯ ಮಹಡಿಗೆ ನಿಂತುಹೋಯಿತು. ಕೇಸು ನಡೆಯುತ್ತಲೇ ಇತ್ತು. ಸಾಲದ ಕಂತೂ ನಡೆಯುತ್ತಲೇ ಇತ್ತು.

"ಕೆಳಗಿನವರದ್ದು ಗೋಡೆಯಾದ್ರೂ ಆಗಿದೆ. ನನ್ನದು ಬರೀ ಗಾಳಿ" ಎನ್ನುತ್ತಿದ್ದರು. "ರಜೆಯಲ್ಲಿ ಹೋದಾಗ ರಸ್ತೆಯಲ್ಲಿ ನಿಂತು ಮೇಲೆ ನೋಡ್ತೇನೆ. ಅಲ್ಲಿ ಕಾಗೆಗಳು ಇರ್ತವೆ, ಬಾಡಿಗೆ ಕೊಡದೆ." ಆ ಗಾಳಿಯ ನಕ್ಷೆಯನ್ನು ಅವರು ಬಟ್ಟೆಗಳ ನಡುವೆ ಜೋಪಾನವಾಗಿ ಇಟ್ಟಿದ್ದರು. ಅಡುಗೆಮನೆ ಯಾವ ಕಡೆ, ಪಟ ಯಾವ ಗೋಡೆಗೆ, ಎಷ್ಟು ಎತ್ತರದಲ್ಲಿ ಮೊಳೆ ಹೊಡೆಯುವುದು ಎಂದು ನನಗೆ ಬೆರಳಿಟ್ಟು ತೋರಿಸಿದ್ದರು.

ಇಲ್ಲಿ ವಾರದ ರಜೆ ಶುಕ್ರವಾರ; ಅವತ್ತು ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿಕೊಂಡು ಬಂದರೆ ಅವರಿಗೆ ಇನ್ನೊಂದು ಕೆಲಸ: ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಡುವುದು. ಕೊಂಕಣಿಯವರು, ಬ್ಯಾರಿಗಳು, ನಮ್ಮ ಬಾಗಲಕೋಟೆ ಕಡೆಯ ಇಂಜಿನಿಯರುಗಳು, ಯಾರು ಕರೆದರೂ ಕೈಯಲ್ಲೊಂದು ಛತ್ರಿ ಹಿಡಿದು ಬಿಸಿಲಿಗೆ ಹೊರಡುತ್ತಿದ್ದರು. ಮನೆ ನೋಡುವ ಅವರ ಕ್ರಮವೇ ಬೇರೆ. ಒಳಗೆ ಕಾಲಿಟ್ಟವರೇ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಡುವರು. ನೀರಿನ ಜೋರು ನೋಡಿ, ಬಚ್ಚಲಿನ ಜಾಲರಿ ಎತ್ತಿ ಮೂಸುವರು. ಆಮೇಲೆ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ಅರ್ಧ ನಿಮಿಷ ನಿಲ್ಲುವರು. ಕೈ ಸುಟ್ಟರೆ ಆ ಕೋಣೆಯಲ್ಲಿ ಎ.ಸಿ. ಎಷ್ಟು ಓಡಿದರೂ ಪ್ರಯೋಜನವಿಲ್ಲ. ಕೊನೆಗೆ ಹಾರಿಸ್‌ನ ಹತ್ತಿರ, ಹಿಂದಿನವರು ಯಾಕೆ ಬಿಟ್ಟರು ಎಂಬ ಪ್ರಶ್ನೆ. ಅವನು ಉತ್ತರ ಕೊಡುವ ಮೊದಲೇ ಅವನ ಮುಖ ನೋಡಿ, "ಬೇಡ, ನಡಿ" ಎನ್ನುತ್ತಿದ್ದರು. ಇದಕ್ಕೆಲ್ಲ ಯಾರಿಂದಲೂ ಒಂದು ಫಿಲ್ಸ್ ತೆಗೆದುಕೊಂಡವರಲ್ಲ. ಹೊಸ ಮನೆಯಲ್ಲಿ ಮೊದಲ ಚಹಾ ಕುಡಿದು ಬರುವರು, ಅಷ್ಟೇ.

ನನ್ನ ಮದುವೆಯಾಗಿ, ನಮ್ಮ ಮನೆಯವರಿಗೂ ಇಲ್ಲೇ ಕೆಲಸ ಸಿಕ್ಕಿದ ಮೇಲೆ ಬ್ನೇದ್ ಅಲ್ ಗಾರ್‌ನಲ್ಲಿ ನಮಗೆ ಫ್ಲ್ಯಾಟ್ ಹುಡುಕಿದವರೂ ಅವರೇ. ನಲ್ಲಿ, ಜಾಲರಿ, ಗೋಡೆ ಎಲ್ಲ ಪಾಸಾಯಿತು. ಕರಾರಿನಲ್ಲಿ ಏನಿದೆ ಎಂದು ಹಾರಿಸ್‌ನಿಂದ ಓದಿಸಿ ಕೇಳಿ, ಸಂಸಾರದವರನ್ನು ಬಿಟ್ಟು ಬೇರೆ ಯಾರೂ ಇರುವ ಹಾಗಿಲ್ಲ ಎಂಬ ಮಾತು ಬಂದಾಗ, "ಒಳ್ಳೆ ಬಿಲ್ಡಿಂಗ್. ಗಲಾಟೆ ಇರುದಿಲ್ಲ, ಕಣ್ಣುಮುಚ್ಚಿ ಸೈನ್ ಮಾಡಿ" ಎಂದರು. ನಮ್ಮವರು ಮಾಡಿದರು.

ಎರಡು ವರ್ಷದ ಹಿಂದೆ ಅಬ್ಬಾಸಿಯಾದ ಆ ಕಟ್ಟಡವನ್ನು ಬೇರೆಯವರು ಕೊಂಡರು. ಹೊಸ ಮಾಲೀಕನ ಕಡೆಯವರು ಬಂದು, ಎಲ್ಲರೂ ಕರಾರು ತಂದು ತೋರಿಸಿ ಎಂದು ಬಾಗಿಲು ಬಾಗಿಲಿಗೆ ಚೀಟಿ ಅಂಟಿಸಿದರು. ಉಳಿದವರಿಗೆ ಬಾಡಿಗೆ ಏರಿತು. ಆಂಟಿಗೆ ಏರಿಸುವುದಕ್ಕೂ ಅವಕಾಶವಿರಲಿಲ್ಲ. ಕಾಗದದ ಪ್ರಕಾರ ಆ ಮನೆಯಲ್ಲಿ ಇದ್ದವರು ಅವರ ಗಂಡ, ಮತ್ತು ಗಂಡ ಇರಲಿಲ್ಲ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿಸಿದರು. ಅದರ ಜೊತೆಗೆ ಸರಕಾರಿ ದಾಖಲೆಯಲ್ಲಿದ್ದ ವಿಳಾಸವೂ ಅಳಿಸಿಹೋಯಿತು. ಇಲ್ಲಿ ವಿಳಾಸವಿಲ್ಲದೆ ಗುರುತಿನ ಚೀಟಿ ಹೊಸದಾಗುವುದಿಲ್ಲ. ಚೀಟಿ ಇಲ್ಲದೆ ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ, ಸೇರಿ ಯಾವ ಕೆಲಸವೂ ನಡೆಯುವುದಿಲ್ಲ.

ಮನೆ ಬಿಟ್ಟದ್ದು ನನಗೆ ಗೊತ್ತಿತ್ತು. ಎಲ್ಲಿದ್ದೀರಿ ಎಂದು ಕೇಳಿದ್ದಕ್ಕೆ "ಒಂದು ಕಡೆ ಬೆಡ್ ಸಿಕ್ಕಿದೆ, ಸದ್ಯಕ್ಕೆ ಸಾಕು" ಎಂದಿದ್ದರು. ಊರಿಗೆಲ್ಲ ಮನೆ ಹುಡುಕಿಕೊಟ್ಟವರು ತಮಗೊಂದು ಹುಡುಕಿಕೊಳ್ಳಲಾರರೇ ಎಂದು ನಾನೂ ನೆಮ್ಮದಿಯಾಗಿದ್ದೆ. ಎಷ್ಟು ಸುಲಭದ ನೆಮ್ಮದಿ ಅದು!

ಬರಿಹೊಟ್ಟೆಯ ರಕ್ತಪರೀಕ್ಷೆಗೆ ಜನ ಬರುತ್ತಾರೆಂದು ಒಂದು ದಿನ ಬೆಳಿಗ್ಗೆ ಆರೂವರೆಗೇ ಕ್ಲಿನಿಕ್ಕಿಗೆ ಹೋದೆ. ಫಿಸಿಯೋಥೆರಪಿ ಕೋಣೆಯಲ್ಲಿ ಲೈಟ್ ಉರಿಯುತ್ತಿತ್ತು. ಆರಿಸೋಣವೆಂದು ಬಾಗಿಲು ತಳ್ಳಿದರೆ ಒಳಗೆ ಆಂಟಿ. ಕೂದಲು ಒದ್ದೆಯಾಗಿತ್ತು. ರೋಗಿಗಳನ್ನು ಮಲಗಿಸುವ ಹಾಸಿಗೆಯ ಮೇಲಿನಿಂದ ತಮ್ಮ ಹೂವಿನ ಚಾದರವನ್ನು ತೆಗೆದು, ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದರು. ಕಿಟಕಿಯ ಕಟ್ಟೆಯಲ್ಲಿ ಒಂದು ಲೋಟ, ಅದರಲ್ಲಿ ಹಲ್ಲುಜ್ಜುವ ಬ್ರಶ್ಶು.

"ಎಷ್ಟ ದಿನಾತ್ರೀ ಆಂಟಿ?" ಎಂದೆ.

"ಹದಿನೈದು ದಿನ ಆಗಿರ್ಬೇಕು. ಆ ಬೆಡ್ ಇದ್ದ ಫ್ಲ್ಯಾಟಿಗೆ ಚೆಕಿಂಗ್‌ನವರು ಬಂದ್ರು, ಎಲ್ಲರನ್ನೂ ಏಳಿಸಿದ್ರು. ಇನ್ನೊಂದು ಕಡೆ ಹೋದೆ, ಅದೂ ಹಾಗೇ. ಯಾರೂ ವಿಳಾಸ ಕೊಡುದಿಲ್ಲ, ಅವರ ಕಾಗದವೂ ಸರಿ ಇರುದಿಲ್ಲ ಅಲ್ವಾ?" ಚಾದರವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. "ಇಲ್ಲಿ ಎ.ಸಿ. ಚೆನ್ನಾಗುಂಟು ಮಾರಾಯ್ತಿ. ಕ್ಲೀನರ್‌ನವಳಿಗೆ ಗೊತ್ತುಂಟು, ಅವಳು ಹೇಳುದಿಲ್ಲ. ನೀನೂ ಹೇಳ್ಬೇಡ."

"ಈ ಚೀಟೀದ್ದು ಏನು ಮಾಡ್ತೀರಿ?"

"ಈ ತಿಂಗಳ ಕೊನೆವರೆಗೆ ಟೈಮ್ ಕೊಟ್ಟಿದ್ದಾರೆ ನಮ್ಮ ಕ್ಲಿನಿಕ್ಕಿನ ಆಫೀಸಿನವರು. ವಿಳಾಸ ತಂದ್ರೆ ಚೀಟಿ, ಇಕಾಮಾ ಎಲ್ಲ ಆಗ್ತದೆ. ಇಲ್ಲದಿದ್ರೆ ಖಲಾಸ್. ಇನ್ನು ನಾಲ್ಕು ವರ್ಷ ದುಡಿದ್ರೆ ಸಾಲ ಮುಗೀತದೆ. ಈಗ ಹೋದ್ರೆ ಅಲ್ಲಿ ಎಂತ ಉಂಟು ನನಗೆ?"

ಅವತ್ತೇ ಸಂಜೆ ಮನೆಗೆ ಕರೆದುಕೊಂಡು ಬಂದೆ. ನಮ್ಮವರು ತಮ್ಮ ದಿಂಬು ಹೊದಿಕೆ ತೆಗೆದುಕೊಂಡು ಹಾಲಿಗೆ ಹೋದರು. ಆಂಟಿ ನಮ್ಮಲ್ಲಿ ಇದ್ದದ್ದು ಮೂರು ದಿನ. ಆ ಮೂರು ದಿನವೂ ಮುಸುರೆ ಪಾತ್ರೆ ಉಳಿಯಲಿಲ್ಲ, ಒಗೆದ ಬಟ್ಟೆ ಮಡಚದೆ ಉಳಿಯಲಿಲ್ಲ. ನೆಂಟರ ಹಾಗೆ ಕೂರಿರಿ ಎಂದರೆ ಅರ್ಧ ಕುರ್ಚಿಯಲ್ಲಿ ಕೂರುತ್ತಿದ್ದರು. ನನ್ನ ದೊಡ್ಡ ಮಗಳಿಗೆ ಆಗ ಏಳು ವರ್ಷ, ಕನ್ನಡ ತಿಳಿಯುತ್ತದೆ, ಆಡುವುದಿಲ್ಲ. "ಆಂಟಿ, ವೈ ಡೋಂಟ್ ಯು ಹ್ಯಾವ್ ಎ ಹೌಸ್?" ಎಂದು ಕೇಳಿಯೇ ಬಿಟ್ಟಳು. ಆಂಟಿ ನಕ್ಕು, "ಉಂಟು ಮಗಾ, ಮೇಲೆ ಉಂಟು. ಮೂರನೇ ಮಾಳಿಗೆ" ಎಂದರು. ಮಗಳು ಅದನ್ನು ನಮ್ಮದೇ ಕಟ್ಟಡದ ಮೂರನೆಯ ಮಹಡಿ ಎಂದುಕೊಂಡು, ತೋರಿಸಿ ಬನ್ನಿ ಎಂದು ಅವರ ಕೈ ಹಿಡಿದು ಎಳೆಯತೊಡಗಿದಳು. ನಾನು ಅವಳನ್ನು ಗದರಿಸಿ ಒಳಗೆ ಕಳಿಸಿದೆ.

ಮೂರನೆಯ ದಿನ ಬೆಳಿಗ್ಗೆ ನಮ್ಮ ಕಟ್ಟಡದ ಹಾರಿಸ್ ನಮ್ಮವರನ್ನು ಕೆಳಗೆ ನಿಲ್ಲಿಸಿ, ಯಾರು ಬಂದಿದ್ದಾರೆ, ಎಷ್ಟು ದಿನ ಇರುತ್ತಾರೆ ಎಂದು ವಿಚಾರಿಸಿದ. ನಮ್ಮವರು ಮೇಲೆ ಬಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿದರು.

"ನೋಡ, ನಾ ಅವರ್ನ ಬ್ಯಾಡ ಅನ್ನಾಂಗಿಲ್ಲ. ನಮಗ ಈ ಮನಿ ಕೊಡಿಸಿದವ್ರ ಅವ್ರು. ಆದ್ರ ಕರಾರ್‌ನ್ಯಾಗ ಬರದಾರಲ್ಲ. ನಾಳೆ ನಮ್ಮನ್ನ ಹೊರಗ ಹಾಕಿದ್ರ ಹುಡುಗ್ರನ್ನ ಕಟ್ಟಿಕೊಂಡು ಎಲ್ಲಿ ಹೋಗೂದು? ಬಿಲ್ಡಿಂಗ್ ಆಫೀಸಿಗೇ ಹೋಗಿ ಕೇಳ್ರಿ. ಅವ್ರು ಹೂಂ ಅಂದ್ರ ಇಲ್ಲೇ ಇರ್ಲಿ, ಎಷ್ಟ ವರ್ಷಾದ್ರೂ ಇರ್ಲಿ."

ಅದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ. ಸಿಗಲಿಲ್ಲ.

ಮಧ್ಯಾಹ್ನ ಎರಡು ತಾಸಿನ ರಜೆ ಹಾಕಿ ಆಂಟಿಯೂ ನಾನೂ ಬಿಲ್ಡಿಂಗ್ ಆಫೀಸಿಗೆ ಹೋದೆವು. ಕೌಂಟರಿನಲ್ಲಿದ್ದ ಗುಮಾಸ್ತ ಈಜಿಪ್ಟಿನವನು, ಹಿರಿಯ, ಓದುವ ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ. ನನ್ನ ಮನೆಯಲ್ಲಿ ಇನ್ನೊಬ್ಬರ ಹೆಸರು ಸೇರಿಸಬೇಕಿತ್ತು, ಮಾಲೀಕರದ್ದೊಂದು ಒಪ್ಪಿಗೆಪತ್ರ ಬೇಕಿತ್ತು ಎಂದೆ. ಅವನು ಫಾರ್ಮ್ ತೆಗೆದ, ಪೆನ್ನಿನ ಮುಚ್ಚಳ ತೆಗೆದ, ಆಂಟಿಯ ಕಡೆ ನೋಡಿದ. ಆಂಟಿ ಎರಡು ಕೈಯನ್ನೂ ಕೌಂಟರಿನ ಅಂಚಿನ ಮೇಲೆ ಇಟ್ಟುಕೊಂಡು, ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ನಿಂತಿದ್ದರು. ನನ್ನ ಹಣೆಯಲ್ಲಿ ಕುಂಕುಮ, ಅವರ ಕೊರಳಲ್ಲಿ ಶಿಲುಬೆ. ಅವನಿಗೆ ಅದೆಲ್ಲ ಒಂದೇ.

"ಇವರು ನಿನಗೆ ಏನಾಗಬೇಕು?" ಎಂದು ಹರಕು ಹಿಂದಿಯಲ್ಲಿ ಕೇಳಿದ. ನಾನು ಆಂಟಿಯ ಕಡೆ ತಿರುಗಿದೆ. ಅವನೇ ದನಿ ತಗ್ಗಿಸಿ, "ಅಮ್ಮನಾ? ಅಮ್ಮ ಎಂದರೆ ಬರೆಯುತ್ತೇನೆ. ಕಾಗದಪತ್ರ ಆಮೇಲೆ ತಂದುಕೊಡುವಿಯಂತೆ" ಎಂದ. ಅವನಿಗೆ ಗೊತ್ತಾಗಿತ್ತು. ಗೊತ್ತಾಗಿಯೇ ಬಾಗಿಲನ್ನು ಸ್ವಲ್ಪ ತೆರೆದು ಹಿಡಿದಿದ್ದ. ದಿನವೂ ಇಂಥವರನ್ನು ಎಷ್ಟು ಜನರನ್ನು ನೋಡುತ್ತಿದ್ದನೋ ಏನೋ.

ಹೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಬೇರೆಯೇ ಓಡುತ್ತಿತ್ತು. ಆಮೇಲೆ ಕಾಗದ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಅಮ್ಮನ ಹೆಸರು ಬೇರೆ ಇದೆ. ಸುಳ್ಳು ಬರೆಸಿದ್ದು ಸಿಕ್ಕಿಬಿದ್ದರೆ ನನ್ನ ಇಕಾಮಾ, ನಮ್ಮವರ ಇಕಾಮಾ, ಮಕ್ಕಳ ಶಾಲೆ.

"ಅಲ್ಲ" ಎಂದೆ. "ಯಾರೂ ಅಲ್ಲ. ಪರಿಚಯದವರು."

ಅವನು ಪೆನ್ನಿನ ಮುಚ್ಚಳ ಹಾಕಿದ.

ಹೊರಗೆ ಬಂದು ರಸ್ತೆ ದಾಟುವಾಗ ಆಂಟಿ ನನ್ನ ಮೊಣಕೈ ಹಿಡಿದುಕೊಂಡರು. ನಾನು ಅವರ ಮುಖ ನೋಡಲಿಲ್ಲ. "ಸರಿ ಹೇಳಿದಿ ನೀನು" ಎಂದರು. "ಅದು ಹಾಗೇ ಹೇಳ್ಬೇಕು. ಚಿಕ್ಕ ಮಕ್ಕಳಿದ್ದಾರೆ ನಿನಗೆ." ಒಂದು ಬೈಗುಳವಾದರೂ ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನಾನು ಮತ್ತೆ ಡ್ಯೂಟಿಗೆ ಹೋಗಿ ಸಂಜೆ ಬರುವಷ್ಟರಲ್ಲಿ ಅವರು ಚೀಲ ತೆಗೆದುಕೊಂಡು ಹೋಗಿದ್ದರು. ಚರ್ಚಿನ ಗುರುತಿನವರು ಒಬ್ಬರು ಕೆಲವು ದಿನಕ್ಕೆ ಜಾಗ ಕೊಡುತ್ತಾರೆ ಎಂದು ಮಗಳ ಹತ್ತಿರ ಹೇಳಿ ಹೋಗಿದ್ದರಂತೆ.

ತಿಂಗಳು ಮುಗಿಯಿತು. ವಿಳಾಸ ಸಿಗಲಿಲ್ಲ. ರಾಜೀನಾಮೆ ಕೊಟ್ಟು ಹೊರಟರು. ವಿಮಾನ ನಿಲ್ದಾಣಕ್ಕೆ ನಾನು ಹೋಗಲಿಲ್ಲ, ಡ್ಯೂಟಿ ಇತ್ತು; ಬದಲಿಸಿಕೊಳ್ಳಬಹುದಿತ್ತು. ಮಂಗಳೂರಿನಿಂದ ಎರಡು ಸಲ ಸಂದೇಶ ಬಂತು. ಮಕ್ಕಳು ಹೇಗಿದ್ದಾರೆ ಎಂದು ಕೇಳಿದ್ದರು. ಎಲ್ಲಿದ್ದೀರಿ ಎಂದು ಬರೆಯಲು ಹೋಗಿ ಅಳಿಸಿದೆ. ಕೇಳಿದರೆ ಅವರು ನಿಜ ಹೇಳಿಬಿಟ್ಟಾರು ಎಂದು ಹೆದರಿಕೆಯಾಯಿತು. ಚೆನ್ನಾಗಿದ್ದಾರೆ ಆಂಟಿ, ನಿಮ್ಮನ್ನು ನೆನೆಸುತ್ತಾರೆ ಎಂದಷ್ಟೇ ಬರೆದೆ.

ಸುದ್ದಿ ಬಂದಾಗಿನಿಂದ ಮನಸ್ಸಿನಲ್ಲೇ ಎಷ್ಟೋ ಸಲ ಆ ಕೌಂಟರಿನ ಮುಂದೆ ಹೋಗಿ ನಿಂತಿದ್ದೇನೆ. ಆಂಟಿ ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತಾರೆ. ಅವನು ದನಿ ತಗ್ಗಿಸಿ, ಅಮ್ಮನಾ ಎಂದು ಕೇಳುತ್ತಾನೆ. ಈ ಸಲ ಹೂಂ ಅನ್ನಬೇಕು ಎಂದುಕೊಂಡೇ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಮಕ್ಕಳ ಮುಖ ಕಣ್ಣೆದುರು ಬರುತ್ತದೆ, ಮತ್ತೆ ಅವತ್ತು ಹೇಳಿದ್ದನ್ನೇ ಹೇಳುತ್ತೇನೆ.